ವಿಚಾರಿಸದೆ ಬಿಟ್ಟ ಅರ್ಜಿ

ನನ್ನ ಗೆಳೆಯ ತಿಪಟೂರಿನ ಮೆಕ್ಯಾನಿಕ್. ಅವರಪ್ಪನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಲೇ ಬೆಳೆದವನು. ಹಂದನಕೆರೆ ಕಡೆಯ ನಮ್ಮ ತೋಟಕ್ಕೆ ಪಂಪು ರಿಪೇರಿಗೆ ಬಂದರೆ ಕೆಲಸ ಮುಗಿದರೂ ಹೋಗುತ್ತಿರಲಿಲ್ಲ. ತೋಟದ ಮೂಲೆಯ ಹಳೆಯ ಹೊಂಡದಲ್ಲಿ ಕಾಟ್ಲಾ ಮೀನಿನ ಮರಿ ಬಿಡಬೇಕು, ಮೀನಿನ ಗಲೀಜು ಬೆರೆತ ಆ ನೀರನ್ನೇ ತೆಂಗಿಗೆ ಹಾಯಿಸಬೇಕು, ಗೊಬ್ಬರದ ಚೀಲ ತರುವುದನ್ನೇ ನಿಲ್ಲಿಸಬೇಕು ಎನ್ನುವುದು ಅವನ ಹುಚ್ಚು. ಹುಚ್ಚು ಅಂದವನು ನಾನೇ. ಆಮೇಲೆ ಅದು ನನಗೂ ಹಿಡಿಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೀನು ಸಾಕುವ ಯುವಕರಿಗೆ ಸರ್ಕಾರ ಸಹಾಯಧನ ಕೊಡುತ್ತದೆ ಎಂಬ ಸುದ್ದಿ ಬಂತು. ನನಗೆ ಆಗಲೇ ಸರ್ಕಾರಿ ಮೇಷ್ಟ್ರ ಕೆಲಸ ಸಿಕ್ಕಿತ್ತು, ನಾನು ಅರ್ಜಿ ಹಾಕುವ ಹಾಗಿರಲಿಲ್ಲ. ಹೊಂಡ ನಮ್ಮದು, ಅರ್ಜಿ ಅವನದು ಎಂದು ಮಾತಾಯಿತು. ಅರ್ಜಿದಾರರ ವಯಸ್ಸಿಗೆ ಮಿತಿಯಿತ್ತು. ಅವನಿಗೆ ಇನ್ನೊಂದೇ ವರ್ಷ ಉಳಿದಿತ್ತು.

ಅರ್ಜಿ ಕೊಟ್ಟ ಮೇಲೆ, ವಾರಕ್ಕೊಮ್ಮೆ ಮೀನುಗಾರಿಕೆ ಕಚೇರಿಗೆ ಹೋಗಿ ವಿಚಾರಿಸೋಣ ಎಂದ. ನಾನೇ ತಡೆದೆ. ನಮ್ಮ ಸೀಮೆಯವರ ಬುದ್ಧಿಯೇ ಅಂಥದು. ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ತಾನೇ ಕರಟ ಬಿಡುತ್ತದೆ. ಅವಸರಪಟ್ಟು ಒಡೆದವನಿಗೆ ಸಿಗುವುದು ಹಸಿಕಾಯಿ. ಹೆಣ್ಣಿನ ಸಂಬಂಧ, ಕೋರ್ಟಿನ ವ್ಯಾಜ್ಯ, ಸರ್ಕಾರದ ಕಾಗದ, ಎಲ್ಲಕ್ಕೂ ನಮ್ಮದು ಇದೇ ನ್ಯಾಯ. ನಮ್ಮಪ್ಪನಂತೂ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸಾಹೇಬ್ರ ತಲೆ ಮೇಲೆ ಕುಂತ್ರೆ ಮುನಿಸ್ಕಂತಾರೆ ಕಣಪ್ಪ. ಸುಮ್ನೆ ಬುಡು, ಆಗೋ ಹೊತ್ಗೆ ಆಯ್ತದೆ" ಎಂದರು. ಹಿರಿಯರ ಮಾತು ಮೀರುವವನಲ್ಲ ಅವನು. ಸುಮ್ಮನಾದ.

ಮಳೆ ಬಂತು, ಹೊಂಡ ತುಂಬಿತು, ಬೇಸಿಗೆಗೆ ಇಂಗಿತು. ವರ್ಷ ಕಳೆದ ಮೇಲೆ ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಕಟ್ಟು ಬಿಚ್ಚಿ ತೋರಿಸಿದರು. ಫೈಲು ಮೊದಲ ತಿಂಗಳಲ್ಲೇ ನಿಂತುಹೋಗಿತ್ತು. ಹೊಂಡ ಬಳಸಲು ಒಪ್ಪಿಗೆಯಿದೆ ಎಂದು ಛಾಪಾ ಕಾಗದದ ಮೇಲೆ ಅಪ್ಪ ಹಾಕಬೇಕಿದ್ದ ಒಂದು ರುಜು ಇರಲಿಲ್ಲ. ಅಷ್ಟೇ. ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ.

"ನೀವ್ಯಾರೂ ಈ ಕಡೆ ತಲೇನೇ ಹಾಕ್ಲಿಲ್ವಲ್ರೀ. ಬೇಡವೇನೋ ಅನ್ಕೊಂಡ್ವಿ" ಎಂದರು ಅವರು.

ಈಗಲೇ ರುಜು ಹಾಕಿಸಿ ತರುತ್ತೇನೆಂದೆ. ಹಳೆಯದು ಮಾರ್ಚಿಗೇ ಮುಗಿಯಿತು, ಹೊಸ ಅರ್ಜಿಯೇ ಆಗಬೇಕು ಎನ್ನುತ್ತಾ ಗೆಳೆಯನ ಹುಟ್ಟಿದ ದಿನದ ಮೇಲೆ ಬೆರಳಿಟ್ಟರು. ವಯಸ್ಸು ಮೀರಿ ಹದಿನೇಳು ದಿನವಾಗಿತ್ತು. ಗೋಗರೆದೆ. ಅವರಿಗೂ ಪಾಪ ಅನ್ನಿಸಿರಬೇಕು, ಆದರೆ ಅವರ ಕೈಯಲ್ಲೂ ಏನೂ ಇರಲಿಲ್ಲ.

ಹೊರಗೆ ಬಂದ ಮೇಲೆ ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಯ್ಯಲಿ ಎಂದು ಕಾದೆ. ಬಸ್ಸು ಹತ್ತುವಾಗ, "ನಿನ್ ತಮ್ಮನ ಹೆಸರಲ್ಲಿ ಹಾಕ್ಸು ಕಣ್ಲಾ. ಅವನಿಗಿನ್ನೂ ವಯಸ್ಸೈತೆ" ಎಂದ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನ ತಮ್ಮನಿಗೆ ಮೀನೆಂದರೆ ಅಷ್ಟಕ್ಕಷ್ಟೇ. ಆದರೂ ಹಾಕಿಸಿದೆ. ಈ ಸಲ ವಾರ ತಪ್ಪದೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಂತೆ. ಯಾರೂ ಮುನಿಸಿಕೊಳ್ಳಲಿಲ್ಲ. ನಾಲ್ಕೇ ತಿಂಗಳಲ್ಲಿ ಮಂಜೂರಾಯಿತು. ಮನೆಯವರೆಲ್ಲ ಸಂತೋಷಪಟ್ಟರು. ನನಗೆ ಆ ದಿನ ಊಟ ಸೇರಲಿಲ್ಲ.

ಮರಿ ಬಿಡುವ ದಿನ ಬೆಳಿಗ್ಗೆಯೇ ಹೊಂಡಕ್ಕೆ ನೀರು ತುಂಬುವ ಪಂಪು ಕೆಟ್ಟಿತು. ಅವನನ್ನೇ ಕರೆಸಬೇಕಾಯಿತು. ಮರಿಗಳ ಪ್ಲಾಸ್ಟಿಕ್ ಚೀಲದ ಬಾಯನ್ನು ತಮ್ಮ ಬಿಚ್ಚಲು ಹೋದಾಗ, ಸ್ಪ್ಯಾನರ್ ಹಿಡಿದಿದ್ದ ಅವನು ತಲೆಯೆತ್ತಿ, ಮೊದಲು ಚೀಲವನ್ನು ನೀರಲ್ಲಿ ತೇಲಿಬಿಡಬೇಕು, ಒಮ್ಮೆಲೇ ಸುರಿದರೆ ಮರಿ ಸಾಯುತ್ತವೆ ಎಂದು ಹೇಳಿಕೊಟ್ಟ. ಚೀಲ ತೇಲುತ್ತಿದ್ದಷ್ಟು ಹೊತ್ತೂ ಅವನು ಪಂಪಿನ ಬೋಲ್ಟು ಬಿಗಿಯುತ್ತಿದ್ದ. ಆಮೇಲೆ ಮರಿಗಳನ್ನು ತಮ್ಮ ಬಿಡತೊಡಗಿದ.

ನೀನೂ ಬಂದು ಒಂದು ಹಿಡಿ ಬಿಡು ಎಂದು ನಾನು ಕರೆದೆ.

"ಕೈಯೆಲ್ಲ ಎಣ್ಣೆ ಐತೆ ಕಣ್ಲಾ, ನೀರಿಗೆ ತಾಗ್ಬಾರ್ದು" ಎಂದು ಅವನು ದೂರವೇ ನಿಂತ.