ಜೀರಿಗೆ ಅಪ್ಪೆಯ ದಾರಿ

ಹರಿಹರಪುರದ ಆಸುಪಾಸಿನಲ್ಲಿ ಮಾವಿನ ಮಿಡಿ ಕೊಯ್ಯುವವರ ಪೈಕಿ ಮಂಜಪ್ಪನಷ್ಟು ಜಿಪುಣ ಇನ್ನೊಬ್ಬನಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಕೈ ಜಿಪುಣನಲ್ಲ, ಬಾಯಿ ಜಿಪುಣ. ಕೇಳಿದವರಿಗೆ ಬೊಗಸೆ ತುಂಬ ಮಿಡಿ ಕೊಟ್ಟಾನು. ಮರ ಎಲ್ಲಿದೆ ಎಂದರೆ ಮಾತ್ರ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೂತುಬಿಡುವನು. ಅವನ ಅಪ್ಪನೂ ಹಾಗೆಯೇ ಇದ್ದ. ‘ಮಿಡಿ ಕೊಡು, ದಾರಿ ಕೊಡಬೇಡ’ ಎನ್ನುವುದು ಆ ಮನೆಯ ಕಟ್ಟಳೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಸರೋಜಳಿಗೂ ಹಳ್ಳದ ದಂಡೆಯ ಜೀರಿಗೆ ಅಪ್ಪೆ ಮಾವಿನ ಮರವನ್ನು ಅವನು ತೋರಿಸಿರಲಿಲ್ಲ.

ತೊಟ್ಟು ಮುರಿದರೆ ಸಾಕು, ಸೊನೆಯ ಜೊತೆಗೆ ಜೀರಿಗೆಯ ಪರಿಮಳ ಚಿಮ್ಮುವ ಮಿಡಿ ಅದು. ಉಪ್ಪಿಗೆ ಹಾಕಿದರೆ ಮೂರು ವರ್ಷವಾದರೂ ಮೆತ್ತಗಾಗದು. ಮಂಜಪ್ಪ ಹಗ್ಗ ಕಟ್ಟಿದ ಬುಟ್ಟಿಯೊಂದಿಗೆ ಮರ ಹತ್ತಿ, ತೊಟ್ಟಿನ ಸಮೇತ ಒಂದೊಂದೇ ಕೊಯ್ದು, ಬುಟ್ಟಿಯನ್ನು ಮೆಲ್ಲಗೆ ಇಳಿಸುತ್ತಿದ್ದ. ನೆಲಕ್ಕೆ ಬಿದ್ದು ಪೆಟ್ಟು ತಿಂದ ಒಂದೇ ಒಂದು ಮಿಡಿ ಸಾಕು, ಇಡೀ ಭರಣಿ ಕೆಡಲು. ತುದಿಯ ಗೊಂಚಲುಗಳು ಹಕ್ಕಿಗಳ ಪಾಲು. ಅವನ್ನು ಮುಟ್ಟುವ ಹಾಗಿಲ್ಲ.

ಇಂಥವನ ಬಾಯಿ ಬಿಡಿಸಿದ್ದು ಸುಮನಾ. ಕೊಪ್ಪದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಈಕೆ ಅಕ್ಕಪಕ್ಕದವರನ್ನು ಸೇರಿಸಿ ‘ಊರಮರ ಬಳಗ’ ಕಟ್ಟಿದ್ದಳು. ಬಳಗವೆಂದರೆ ಹನ್ನೊಂದು ಜನ, ಒಂದು ಬ್ಯಾನರು, ಒಂದು ವಾಟ್ಸ್ಯಾಪ್ ಗುಂಪು. ನಗುವವರು ನಗಲಿ, ಮರಕ್ಕಾಗಿ ಭಾನುವಾರದ ನಿದ್ದೆ ಬಿಟ್ಟವರು ಊರಲ್ಲಿ ಆ ಹನ್ನೊಂದೇ ಜನ.

"ಮಂಜಪ್ಪಣ್ಣ, ಯಾರಿಗೂ ಗೊತ್ತಿಲ್ಲದ ಮರ ಕಡಿದ್ರೆ ಯಾರು ಕೇಳ್ತಾರೆ? ರಸ್ತೆ ಅಗಲ ಮಾಡುವಾಗ ಎರಡು ಅಪ್ಪೆ ಮರ ಹೋತು. ಅದು ಎಂಥಾ ಮರ ಅಂತ ಗೊತ್ತಿದ್ದೋರು ನೀವೊಬ್ರೇ. ನೀವಾದ್ರೂ ಬಾಯಿ ಬಿಟ್ರಾ?"

ಮಾತು ನಾಟಿತು. ಅವತ್ತು ಅವನು ಅಲ್ಲೇ ನಿಂತಿದ್ದ, ಮರ ಉರುಳುವುದನ್ನು ನೋಡಿದ್ದ, ಸುಮ್ಮನೆ ಮನೆಗೆ ಬಂದಿದ್ದ. ಆ ಪಾಪ ಒಳಗೊಳಗೇ ಕೊರೆಯುತ್ತಿತ್ತು. ಮುಂದಿನ ಭಾನುವಾರ ಬಳಗವನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದ. ಅವರು ಮರಕ್ಕೆ ಬೋರ್ಡು ಕಟ್ಟಿದರು: ‘ಅಪರೂಪದ ಜೀರಿಗೆ ಅಪ್ಪೆ. ಮರ ಸಂಖ್ಯೆ ಏಳು.’ ಮಂಜಪ್ಪನನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದು ಚಪ್ಪಾಳೆ ತಟ್ಟಿದರು. ಅರವತ್ಮೂರು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಚಪ್ಪಾಳೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಮರುವರ್ಷ ಮಿಡಿ ಬಲಿಯುವ ಹೊತ್ತಿಗೆ ಬುಟ್ಟಿ ಹಗ್ಗ ಹಿಡಿದು ಹೋದ. ಮರ ಇರಲಿಲ್ಲ. ಬುಡ ಇತ್ತು, ಆಳೆತ್ತರದ ಕಾಂಡ ಇತ್ತು. ಯಾರೋ ಹೊರಗಿನವರು ಮೆಷಿನ್ ಗರಗಸದಲ್ಲಿ ಕೊಂಬೆಗಳನ್ನೆಲ್ಲ ಉರುಳಿಸಿ, ನೆಲದ ಮೇಲೆ ಕೂತು ಆರಾಮವಾಗಿ ಮಿಡಿ ಬಿಡಿಸಿಕೊಂಡು ಹೋಗಿದ್ದರು. ಹತ್ತುವ ಕಷ್ಟ ಯಾರಿಗೆ ಬೇಕು? ಹಕ್ಕಿಗಳ ಪಾಲನ್ನೂ ಬಿಟ್ಟಿರಲಿಲ್ಲ. ಬಿದ್ದ ಎಲೆ ಇನ್ನೂ ಬಾಡಿರಲಿಲ್ಲ. ಬೋರ್ಡಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ. ಮಂಜಪ್ಪ ಅಲ್ಲೇ ಕುಕ್ಕರಿಸಿ ಅತ್ತ. ಆ ಚಪ್ಪಾಳೆ ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಳಗದ ಸಭೆಯಲ್ಲಿ ಸುಮನಾ ಸುತ್ತಿ ಬಳಸಿ ಮಾತಾಡಲಿಲ್ಲ. "ತಪ್ಪು ನಂದು ಮಂಜಪ್ಪಣ್ಣ. ಮರದ ಫೋಟೋ, ಲೊಕೇಶನ್ ಗ್ರೂಪಿಗೆ ಹಾಕಿದ್ದು ನಾನೇ. ಅಲ್ಲಿಂದ ಎಲ್ಲಿಗೆಲ್ಲ ಹೋತೋ! ಈ ಬುಡ ಚಿಗುರ್ತದೆ ಅಂತ ಹೇಳಕ್ಕಾಗಲ್ಲ. ಇನ್ನೊಂದು ಜೀರಿಗೆ ಅಪ್ಪೆ ಎಲ್ಲಾದ್ರೂ ಇದ್ರೆ ಹೇಳಿ. ಬೋರ್ಡು ಬೇಡ, ಫೋಟೋ ಬೇಡ. ಕಸಿಗೆ ನಾಲ್ಕು ಕಡ್ಡಿ ಸಾಕು, ಹತ್ತು ಮನೆ ಹಿತ್ತಲಲ್ಲಿ ಬೆಳೆಸಬಹುದು."

ಇನ್ನೊಂದಿತ್ತು. ಹಳ್ಳದ ಮೇಲ್ಮಗ್ಗುಲಲ್ಲಿ, ಬೆತ್ತದ ಮುಳ್ಳಿನ ಮೆಳೆ ದಾಟಿದ ಮೇಲೆ, ಅಪ್ಪ ಸಾಯುವ ಮುಂಚಿನ ವರ್ಷ ತೋರಿಸಿದ ಮರ. ಸುಮನಾ ಹೇಳುವುದು ನಿಜ ಎಂದು ಮಂಜಪ್ಪನಿಗೆ ಗೊತ್ತಿತ್ತು. ಅವಳ ಕಣ್ಣು ಕೆಂಪಾಗಿದ್ದೂ ಕಂಡಿತ್ತು.

"ಇಲ್ಲ" ಎಂದ.

ಬರುವ ದಾರಿಯಲ್ಲಿ ಬೋರ್ಡು ಬಿಚ್ಚಿಕೊಂಡು ಬಂದು ಕೋಳಿಗೂಡಿನ ಮೇಲೆ ಮಗುಚಿ ಹಾಕಿದ. ಸರೋಜ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಬೇರೆ ಮರ ಇಲ್ಲ ಅಂದ್ರಂತೆ?"

"ಅಂದೆ."

"ಇದೆಯಲ್ಲ?"

ಮಂಜಪ್ಪ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ. ಎಲ್ಲಿದೆ ಎಂದು ಅವಳು ಕೇಳಲಿಲ್ಲ. "ಹೋದ ವರ್ಷವೇ ಅರ್ಧ ಮರ ಹತ್ತಿ ಇಳಿದ್ರಿ. ನಿಮ್ಮ ಮೊಣಕಾಲು ಹೋತು. ಕಡ್ಡಿ ತರಕ್ಕೂ ನಿಮ್ಮಿಂದ ಆಗಲ್ಲ, ಇನ್ನೊಬ್ರಿಗೆ ಹೇಳಕ್ಕೂ ಆಗಲ್ಲ. ನಿಮ್ಮ ಜೊತೆಗೇ ಹೋಗ್ಲಿ ಅಂತನಾ?"

"ಎಂತ ಮಾಡದು ಮಾರಾಯ್ತಿ? ಹೇಳಿದ ಮರ ಹೋತು. ಹೇಳದೇ ಇದ್ದದ್ದೂ ಹೋತು."

ಅವಳು ಒಳಗೆ ಹೋಗಿ ಅಟ್ಟದಿಂದ ಹಳೆಯ ಭರಣಿ ಇಳಿಸಿದಳು. ಮುಚ್ಚಳ ತೆಗೆದದ್ದೇ ಜೀರಿಗೆಯ ಘಮ ಜಗಲಿಯವರೆಗೂ ಬಂತು. ಬೇರೆ ದಿನವಾಗಿದ್ದರೆ ತಲೆಗೆರಡು ಮಿಡಿ ಬಡಿಸುತ್ತಿದ್ದಳು. ಅವತ್ತು ಒಂದನ್ನೇ ತೆಗೆದು, ನಡುವೆ ಸೀಳಿ, ಅವನಿಗರ್ಧ ತನಗರ್ಧ ಹಾಕಿಕೊಂಡು ಊಟಕ್ಕೆ ಕೂತಳು.