ಮರಿಯವ್ವಬಾಯಾರಿಗೆ ಹೋದ ಮೇಲ್

ಬೆಟಗೇರಿಯ ಖಲೀಲನಿಗೆ ಟೈಪು ಮಾಡುವಾಗ ಗಟ್ಟಿಯಾಗಿ ಓದುವ ಚಟ. ಅದು ಅಪ್ಪ ಮಾಶಾಕಸಾಬರಿಂದ ಬಂದದ್ದು. ಲಕ್ಷ್ಮೇಶ್ವರ ಬಿಟ್ಟು ಬಂದು ಇಲ್ಲಿಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವರು ಒಂದೊಂದು ಪದವನ್ನೂ ಬಾಯಿಬಿಟ್ಟು ಹೇಳಿಕೊಂಡೇ ಮೊಳೆ ಆರಿಸುತ್ತಿದ್ದರಂತೆ. ಮಗ ಮೊಳೆ ಬಿಟ್ಟು ಕಂಪ್ಯೂಟರ್ ಹಿಡಿದ, ಚಟ ಬಿಡಲಿಲ್ಲ. ಗದಗ ಜಿಲ್ಲೆಯಾದ ವರ್ಷವೇ ಚರ್ಚಿನ ಕಾಂಪೌಂಡಿಗೆ ಆತುಕೊಂಡು ಅಂಗಡಿ ತೆರೆದ. ಅವನು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದರೆ ರಸ್ತೆಯಲ್ಲಿ ಹೋಗುವವರಿಗೂ ಯಾರ ಮದುವೆ, ಎಂದು, ಎಲ್ಲಿ ಎಂದು ಪುಕ್ಕಟೆ ತಿಳಿದುಬಿಡುತ್ತಿತ್ತು. ಆದರೆ 2016ರ ಬೇಸಿಗೆಯಲ್ಲಿ ಅವನು ಓದತೊಡಗಿದ್ದು ಸತ್ತವರ ಹೆಸರುಗಳನ್ನು.

ಚರ್ಚಿನ ಕೆಲಸ ಅವನಿಗೆ ಹೊಸದೇನಲ್ಲ. ಶುಕ್ರವಾರ ಮಸೀದಿಯಿಂದ ಬಂದವನೇ ರವಿವಾರದ ಆರಾಧನೆಯ ಹಾಳೆ ಹಿಡಿದು ಕೂಡುತ್ತಿದ್ದ. ಯಾವ ಕೀರ್ತನೆ, ಯಾರ ಮದುವೆಯ ಪ್ರಕಟಣೆ, ಯಾರ ಕಾಯಿಲೆಗೆ ಪ್ರಾರ್ಥನೆ, ಎಲ್ಲ ಅದರಲ್ಲಿ. ಸಭೆಯ ಜನ ಮುಂಡರಗಿ, ಶಿರಹಟ್ಟಿ, ಹುಬ್ಬಳ್ಳಿ ಎಂದು ನೌಕರಿಗೆ ಚದುರಿದ ಮೇಲೆ ಆ ಹಾಳೆ ಮೇಲ್‌ನಲ್ಲಿ ಹೋಗತೊಡಗಿತು. ತೊಂಬತ್ತಾರು ಮನೆಗಳ ವಿಳಾಸ ಅವನ ಬಳಿ ಇತ್ತು. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಮುನಿಸು ಎಂಬುದು ಸಭೆಯ ಹಿರಿಯರಿಗಿಂತ ಮೊದಲು ಈ ಸಾಬರ ಹುಡುಗನಿಗೆ ಗೊತ್ತು ಎಂದು ಜನ ನಗುತ್ತಿದ್ದರು. ಹುಡುಗನಿಗಾಗಲೇ ನಲವತ್ತೈದು, ಅದು ಬೇರೆ ಮಾತು.

ಆ ಬೇಸಿಗೆ ಹೊಸದಾಗಿ ಬಂದ ಸಭಾಪಾಲಕರು, ಎಲ್ಲರೂ ಅಯ್ನಾರು ಎನ್ನುವವರು, ಹುಳ ತಿಂದ ನಾಲ್ಕು ದಪ್ಪ ಪುಸ್ತಕ ಹೊತ್ತುಕೊಂಡು ಅಂಗಡಿಗೆ ಬಂದರು. ಸಮಾಧಿ ಮಾಡಿದವರ ರಜಿಸ್ಟರು. ನೂರು ವರ್ಷಕ್ಕೂ ಮೇಲಿನದು. ನವೆಂಬರ್ ಎರಡು ಅಗಲಿದವರ ನೆನಪಿನ ದಿನ. ಅದಕ್ಕೆ ಮೊದಲು ಪ್ರತಿ ಮನೆಗೂ ಅವರವರ ಹಿರಿಯರ ಹೆಸರು, ತಾರೀಖು, ಸ್ಮಶಾನದಲ್ಲಿ ಎಷ್ಟನೆಯ ಸಾಲು ಎಂದು ಮೇಲ್ ಹೋಗಬೇಕು. ಜನ ಬಂದು ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಡಬೇಕು. ಇದು ಅವರ ಆಸೆ.

ಐದು ತಿಂಗಳು ಖಲೀಲ ಸತ್ತವರ ಜೊತೆ ಕೂತ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತ ಟೈಪು ಮಾಡಿದ. ಕೆಲವೊಮ್ಮೆ ಹೆಸರು ಓದಿ ನಿಲ್ಲಿಸಿದಾಗ ಕಾಂಪೌಂಡಿನ ಆಚೆ ಯಾರೋ ಓಗೊಡಲು ತಡೆದು ನಿಂತಂತೆ ಅನಿಸುತ್ತಿತ್ತು. ಹೆಂಡತಿ ನಿಶಾತ ಊಟ ತಂದವಳು ಬಾಗಿಲಲ್ಲೇ ನಿಂತು, “ಹಂಗ ಕರೀಬ್ಯಾಡ್ರಿ. ಬಂದ್ರ ಎಲ್ಲಿ ಕುಂಡ್ರಸ್ತೀರಿ?” ಎಂದಳು. ಅವನು ನಕ್ಕ. ಮರುದಿನದಿಂದ ದನಿ ಸ್ವಲ್ಪ ಇಳಿಸಿದ.

ಮನೆತನ ಉಳಿಯದ ಹಳಬರ ಹೆಸರಿನ ಮುಂದೆ ‘ಸಭೆ’ ಎಂದು ಬರೆ ಎಂದಿದ್ದರು ಅಯ್ನಾರು. ಹಾಗೇ ಬರೆದ. ಒಂದೇ ಒಂದು ಕಡೆ ಕೈ ನಿಂತಿತು. ಹದಿನಾಲ್ಕು ಆಗಸ್ಟ್ 1968. ಹೆಸರಿಡದ ಗಂಡು ಕೂಸು. ವಯಸ್ಸು ಒಂದು ದಿನ. ಹನ್ನೊಂದನೆಯ ಸಾಲು, ಬೇವಿನ ಗಿಡದ ಬಲಕ್ಕೆ. ತಂದೆ ತಾಯಿಯ ಜಾಗದಲ್ಲಿ ಏನೂ ಇರಲಿಲ್ಲ. ಅಳಿಸಿದ ಗುರುತೂ ಇಲ್ಲ. ಒಂದು ದಿನದ ಕೂಸನ್ನು ಸಭೆಯ ಪಾಲಿಗೆ ಹಾಕಲು ಮನಸ್ಸಾಗದೆ, ಅಯ್ನಾರನ್ನು ಕೇಳಿದರಾಯಿತೆಂದು ಖಾಲಿ ಬಿಟ್ಟ. ಆಮೇಲೆ ಮರೆತ.

ಅಕ್ಟೋಬರಿನ ಒಂದು ಬುಧವಾರ ಮೇಲ್ ಕಳಿಸುವ ದಿನ. ಪಟ್ಟಿಯನ್ನು ಮನೆತನದ ಹೆಸರಿನ ಅಕಾರಾದಿಯಲ್ಲಿ ಇಟ್ಟರೆ ಚಂದವೆಂದು ಖಲೀಲ ಮನೆತನ, ಮೇಲ್ ವಿಳಾಸದ ಎರಡು ಕಲಂ ಮಾತ್ರ ಆರಿಸಿ ಬಟನ್ ಒತ್ತಿದ. ಉಳಿದ ಕಲಂಗಳೂ ಜೊತೆಗೆ ಸರಿಯಬೇಕೇ ಎಂದು ಕಂಪ್ಯೂಟರ್ ಕೇಳಿತು. ಎದುರಿಗೆ ಆಧಾರ ಕಾರ್ಡಿನ ಝೆರಾಕ್ಸಿಗೆ ಮೂವರು ನಿಂತು ಗದ್ದಲ ಹಾಕುತ್ತಿದ್ದರು. ಬೇಡ ಎಂದು ಒತ್ತಿಬಿಟ್ಟ. ಬದುಕಿದ್ದವರೆಲ್ಲ ಜಾಗ ಬಿಟ್ಟು ಸರಿದರು, ಸತ್ತವರು ಇದ್ದಲ್ಲೇ ಉಳಿದರು. ಅದನ್ನು ನೋಡದೆ ಎಲ್ಲರಿಗೂ ಮೇಲ್ ಕಳಿಸಿದ.

ಸಂಜೆಯೊಳಗೆ ಫೋನು ಶುರುವಾಯಿತು. ಶಿರಹಟ್ಟಿಯ ಮಾಸ್ತರರು, “ಏನೋ ಖಲೀಲ, ನಮ್ಮ ಮನ್ಯಾಗ ಜರ್ಮನ್ ಪಾದ್ರಿ ಯಾವಾಗ ಸತ್ತಾನೋ?” ಎಂದು ಬೈದರು. ಒಬ್ಬರ ಅಜ್ಜಿ ಇನ್ನೊಬ್ಬರ ಮನೆ ಸೇರಿದ್ದಳು, ಬದ್ಧದ್ವೇಷಿಗಳ ಹಿರಿಯರು ಅದಲು ಬದಲಾಗಿದ್ದರು. ಅಯ್ನಾರಿಗೆ ಸಿಟ್ಟು ಬಂದಿತ್ತು, ಆದರೂ ಮೆತ್ತಗೇ ಹೇಳಿದರು: “ನಾಳೆ ಸಂಜಿಯೊಳಗ ಎಲ್ಲಾರಿಗೂ ತಪ್ಪಾತು ಅಂತ ಬರದು, ಖರೇ ಹೆಸರು ಹಾಕಿ ಕಳಸು. ಇಲ್ಲಾಂದ್ರ ಹಿರಿಯಾರು ಈ ಕೆಲಸ ನಿನ್ನ ಕಡಿಂದ ಬಿಡಸ್ತಾರ.”

ಮರುದಿನ ಬೆಳಿಗ್ಗೆ ಖಲೀಲ ಒಂದೊಂದೇ ಉತ್ತರ ತೆಗೆದು ನೋಡಿದ. ಎಲ್ಲ ಬೈಗುಳ, ಇಲ್ಲವೇ ನಗು. ಒಂದು ಮಾತ್ರ ಬೇರೆ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ತಡವರಿಸಿ ಒತ್ತಿದ ಎರಡೇ ಪದ: ಯಾರ ನೋಡ್ಯಾರ?

ಕಳಿಸಿದವರು ಮರಿಯವ್ವ. ಬೆಟಗೇರಿಯಲ್ಲಿ ಅವರು ನರ್ಸಬಾಯಾರು. ಮದುವೆಯಾಗದೆ, ಊರಿನ ಅರ್ಧ ಮಕ್ಕಳನ್ನು ತಮ್ಮ ಕೈಯಲ್ಲಿ ಹಿಡಿದು ಹೊರಗೆ ತಂದವರು. ಖಲೀಲನನ್ನು ತಂದವರೂ ಅವರೇ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮೇಲ್ ಬೇಕೆಂದು ಹಟ ಹಿಡಿದಾಗ ಅವನೇ ಮಾಡಿಕೊಟ್ಟಿದ್ದ. ಚರ್ಚಿನ ಹಾಳೆ ಬಿಟ್ಟರೆ ಅವರಿಗೆ ಬೇರೆ ಮೇಲ್ ಬರುತ್ತಿರಲಿಲ್ಲ. ಅವರ ಕಡೆಯವರೆಂದು ಆ ಸ್ಮಶಾನದಲ್ಲಿ ಮಲಗಿದ್ದವರು ಅವ್ವ ಒಬ್ಬರೇ. ಮೇಲ್‌ನಲ್ಲಿ ಹೋಗಬೇಕಾದದ್ದು ಆ ಅವ್ವನ ಹೆಸರು. ಹೋದದ್ದೇನೆಂದು ತೆರೆದು ನೋಡಿ ಖಲೀಲ ಕೈ ಹಿಂದೆಗೆದ.

‘ನಿಮ್ಮ ಮನೆಯ ಹೆಸರಿಡದ ಗಂಡು ಕೂಸು ಅವರು, ವಯಸ್ಸು ಒಂದು ದಿನ, 14-8-1968ರಂದು ಪ್ರಭುವಿನಲ್ಲಿ ನಿದ್ರೆ ಹೋದರು.’

ಹಳೆಯ ಫೈಲನ್ನು ತೆರೆದು ಅದೇ ಎರಡು ಕಲಂ ಆರಿಸಿ ಅದೇ ತಪ್ಪನ್ನು ಬೇಕೆಂದೇ ಮಾಡಿ ನೋಡಿದ. ಕೂಸಿನ ಸಾಲು ಮುಂಡರಗಿಯ ಯಾರದೋ ಮನೆಯ ಮುಂದೆ ನಿಂತಿತು. ಇನ್ನೊಮ್ಮೆ ಮಾಡಿದ. ಮತ್ತೆ ಮುಂಡರಗಿಯವರೇ. ಮೂರನೆಯ ಸಲವೂ ಅವರೇ. ಮಾಸ್ತರರಿಗೆ ಜರ್ಮನ್ ಪಾದ್ರಿ ಮೂರು ಸಲವೂ ತಪ್ಪದೆ ಬಂದ; ಉಳಿದ ತಪ್ಪುಗಳೆಲ್ಲ ನಿನ್ನೆಯಂತೆಯೇ ಇದ್ದವು. ಇದೊಂದು ಮಾತ್ರ ಮರಿಯವ್ವನ ಕಡೆ ಹೋಗಲೊಲ್ಲದು. ಖಲೀಲ ಎದ್ದು ಹೊರಗೆ ಬಿಸಿಲಲ್ಲಿ ನಿಂತ.

ಎದುರಿನಿಂದ ಮರಿಯವ್ವ ಕೊಡೆ ಊರಿಕೊಂಡು ಬರುತ್ತಿದ್ದರು. ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನೀರು ಕೊಟ್ಟರೆ ಮುಟ್ಟಲಿಲ್ಲ.

“ಯಾರ ನೋಡ್ಯಾರೋ ಖಲೀಲಾ? ಯಾರ ಹೇಳ್ಯಾರ ನಿನಗ?”

“ಯಾರೂ ಹೇಳಿಲ್ಲರಿ ಬಾಯಾರ. ನನ್ನ ಕೈತಪ್ಪಿನಿಂದ ಆಗೇತ್ರಿ. ಎಲ್ಲಾರಿಗೂ ತಪ್ಪು ಹೆಸರು ಹೋಗ್ಯಾವು.”

“ತಾರೀಖು ತಪ್ಪಲ್ಲ,” ಎಂದರು ಮರಿಯವ್ವ.

ಆಮೇಲೆ ಅವರು ಹೇಳಿದ್ದು ಬಹಳ ಇಲ್ಲ. ಹಮ್ಮಿಗಿಯಿಂದ ಬಂದು ನರ್ಸ್ ಕೆಲಸ ಕಲಿಯುತ್ತಿದ್ದಾಗ ಇಪ್ಪತ್ತೆರಡು ವಯಸ್ಸು. ಕೂಸಿನ ತಂದೆ ಯಾರೆಂದು ಅವರು ಹೇಳಲಿಲ್ಲ, ಖಲೀಲ ಕೇಳಲೂ ಇಲ್ಲ. ಕೂಸು ಒಂದು ದಿನ ಉಸಿರಾಡಿತು. ಆಗಿನ ಪಾದ್ರಿಗಳು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು. ಎಲ್ಲಿಟ್ಟಿರಿ ಎಂದು ಕೇಳಿದ್ದಕ್ಕೆ, ದೇವರ ಹತ್ತಿರ ಐತವ್ವ, ನಿನ್ನ ಜೀವನ ಮುಂದ ಐತಿ, ಇದನ್ನ ಮರತಬಿಡು ಎಂದರು. ಆರು ತಿಂಗಳಿಗೆ ಅವರೂ ಬೇರೆ ಊರಿಗೆ ಹೋದರು. ನಲವತ್ತೆಂಟು ವರ್ಷ ಮರಿಯವ್ವ ಆ ಸ್ಮಶಾನದ ಮುಂದೆ ಕೆಲಸಕ್ಕೆ ಹೋಗಿ ಬಂದರು. ಅಲ್ಲಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ.

“ಒಂದ ದಿನದ ಕೂಸಿಗೆ ‘ಅವರು’ ಅಂತ ಬರದಿಯಲ್ಲೋ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಖಲೀಲನಿಗೂ ತಡೆಯಲಾಗಲಿಲ್ಲ, ಅತ್ತ.

ಅಂಗಡಿಗೆ ಬಾಗಿಲು ಹಾಕಿ ಇಬ್ಬರೂ ಸ್ಮಶಾನಕ್ಕೆ ಹೋದರು. ಕಾವಲುಗಾರ ಹೇಮಪ್ಪ ಹನ್ನೊಂದನೆಯ ಸಾಲು ತೋರಿಸಿದ. ಬೇವಿನ ಗಿಡದ ಬಲಕ್ಕೆ ಎರಡು ಕಲ್ಲಿನ ಸಮಾಧಿಗಳ ನಡುವೆ ಒಂದು ಮೊಳದಷ್ಟು ಬರಿ ನೆಲ ಇತ್ತು. ಸುತ್ತಲೂ ಮೊಣಕಾಲೆತ್ತರ ಹುಲ್ಲು, ಅಲ್ಲಿ ಒಂದು ಎಸಳೂ ಇಲ್ಲ.

“ಇಲ್ಲಿ ನಾ ಕಸಾ ಕೀಳೂದಿಲ್ಲರಿ. ಕೀಳಾಕ ಕಸಾನ ಬೆಳಿಯೂದಿಲ್ಲ,” ಎಂದ ಹೇಮಪ್ಪ. “ಎರಡ ಸಲ ಕುಣಿ ತಗ್ಯಾಕಂತ ಕಬ್ಬಿಣದ ಹಾರಿ ಹಾಕಿದ್ನಿ. ಹಾರಿ ಒಳಗ ಹೋಗಲಿಲ್ಲ. ತಳಕ್ಕ ಬಂಡಿಗಲ್ಲ ಐತೇನೋ ಅಂತ ಬಿಟ್ನಿ. ನಮ್ಮಪ್ಪನೂ ಈ ಜಾಗಾ ಬಿಡು ಅಂತ ಹೇಳಿದ್ದ. ಯಾಕ ಅಂತ ಹೇಳಲಿಲ್ಲ.”

ಮರಿಯವ್ವ ಕೊಡೆ ಕೆಳಗಿಟ್ಟು ಕಷ್ಟಪಟ್ಟು ನೆಲಕ್ಕೆ ಕೂತರು. ಹುಟ್ಟಿದ ಕೂಸುಗಳನ್ನು ಅಳೆಯುತ್ತಿದ್ದ ಕೈ ಅದು. ಹೆಬ್ಬೆರಳು ಊರಿ, ಕಿರುಬೆರಳು ಚಾಚಿ, ಆ ಬರಿ ನೆಲವನ್ನು ಅಳೆದರು. ಎರಡು ಗೇಣು, ಮೇಲೆ ಮೂರು ಬೆರಳು. “ಇಷ್ಟ ಇದ್ದ,” ಎಂದರು. ಗಾಳಿ ನಿಂತುಹೋಗಿತ್ತು. ಬೇವಿನ ಎಲೆಯೂ ಅಲುಗಲಿಲ್ಲ. ಹೇಮಪ್ಪ ತಲೆಗೆ ಸುತ್ತಿದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಏಳುವಾಗ ಮರಿಯವ್ವ ಖಲೀಲನ ತೋಳು ಹಿಡಿದರು. “ತಪ್ಪಾತು ಅಂತ ನನಗ ಬರೀಬ್ಯಾಡ. ಬರದ್ರ ಅವ ಮತ್ತ ಯಾರ ಮನಿಯಾಂವನೂ ಅಲ್ಲದಂಗ ಆಕ್ಕಾನ. ನವೆಂಬರ್ ಎರಡಕ್ಕ ಅವನ ಹೆಸರು ಓದಸು. ನಾ ಇಟ್ಟ ಹೆಸರು ಬೆನ್ಯಾಮೀನ. ಯಾರಿಗೂ ಹೇಳಿಲ್ಲ, ನಿನಗ ಹೇಳೇನಿ. ಆದ್ರ ನಾ ಎದ್ದು ನಿಂದ್ರೂದಿಲ್ಲೋ. ಕುಂತ ಕೇಳತೇನಿ, ಅಷ್ಟ ಸಾಕು.”

ಎದ್ದು ನಿಲ್ಲುವ ಮಾತು ಸುಮ್ಮನೆ ಬಂದದ್ದಲ್ಲ. ಆ ದಿನ ಚರ್ಚಿನಲ್ಲಿ ಕಳೆದ ಐವತ್ತು ವರ್ಷದ ಹೆಸರುಗಳನ್ನು ಓದುತ್ತಾರೆ. ತಮ್ಮವರ ಹೆಸರು ಬಂದಾಗ ಮನೆಯವರು ಎದ್ದು ನಿಲ್ಲಬೇಕು. ಅವರು ತಾವಾಗಿ ಕೂಡುವವರೆಗೆ ಅಯ್ನಾರು ಮುಂದಿನ ಹೆಸರು ಎತ್ತುವುದಿಲ್ಲ. ಇಡೀ ಸಭೆ ತಿರುಗಿ ನೋಡುತ್ತದೆ. ಮದುವೆಯಿಲ್ಲದ ನರ್ಸಬಾಯಿ ಮಗನ ಹೆಸರಿಗೆ ಎದ್ದು ನಿಂತರೆ ಬೆಟಗೇರಿಯ ಬಾಯಿಗೆ ಆರು ತಿಂಗಳು ಬೇರೆ ಕೆಲಸ ಬೇಡ.

ಸಂಜೆ ಖಲೀಲ ತೊಂಬತ್ತೈದು ಮನೆಗಳಿಗೆ ಕ್ಷಮೆ ಕೇಳಿ ಮೇಲ್ ಕಳಿಸಿದ. ಒಂದನ್ನು ಕಳಿಸಲಿಲ್ಲ. ಆಮೇಲೆ ಅಯ್ನಾರ ಬಳಿ ಹೋಗಿ, ಓದುವ ಪಟ್ಟಿಯಲ್ಲಿ ಒಂದು ಹೆಸರು ಸೇರಿಸಬೇಕೆಂದ.

“ಯಾರ ಮನೀದು?”

“ಆ ಕಲಂ ಖಾಲಿ ಐತ್ರಿ ಅಯ್ನಾರ. ಹೆಸರಷ್ಟ ಗೊತ್ತಾಗೇತಿ. ಹೆಂಗ ಅಂತ ಕೇಳಬ್ಯಾಡ್ರಿ.”

ಅಯ್ನಾರು ಹಳೆಯ ರಜಿಸ್ಟರು ತೆಗೆದು ಆ ಸಾಲನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಬರದವರು ಬೇಕಂತನ ಖಾಲಿ ಬಿಟ್ಟಾರ,” ಎಂದರು. ರಜಿಸ್ಟರು ಮುಚ್ಚಿ, “ಆತು, ಓದತೇನಿ,” ಎಂದರು.

ನವೆಂಬರ್ ಎರಡರ ಬೆಳಿಗ್ಗೆ ಖಲೀಲ ಚಪ್ಪಲಿ ಬಿಟ್ಟು ಹಿಂದಿನ ಬಾಗಿಲ ಬಳಿ ನಿಂತ. ಇಷ್ಟು ವರ್ಷ ಆರಾಧನೆಯ ಹಾಳೆ ಮಾಡಿದವನು ಆರಾಧನೆಯ ಹೊತ್ತಿನಲ್ಲಿ ಒಳಗೆ ಬಂದದ್ದು ಅದೇ ಮೊದಲು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮರಿಯವ್ವ ಹೆಂಗಸರ ಮೂರನೆಯ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹೆಸರುಗಳು ವರ್ಷದ ಕ್ರಮದಲ್ಲಿ ಬಂದವು. ಒಂದು ಮನೆ ಏಳುತ್ತಿತ್ತು, ಕೂಡುತ್ತಿತ್ತು, ಇನ್ನೊಂದು ಏಳುತ್ತಿತ್ತು. ಖಲೀಲನ ತುಟಿಗಳು ಪ್ರತಿ ಹೆಸರನ್ನೂ ಅಯ್ನಾರಿಗಿಂತ ಒಂದು ಗಳಿಗೆ ಮೊದಲೇ ಹೇಳುತ್ತಿದ್ದವು.

“ಬೆನ್ಯಾಮೀನ. ವಯಸ್ಸು ಒಂದು ದಿನ.”

ಯಾರೂ ಏಳಲಿಲ್ಲ. ಜನ ಅತ್ತಿತ್ತ ನೋಡಿದರು. ಇದು ಯಾರ ಮನೆಯದು ಎಂದು ಪಿಸುಮಾತು ಎದ್ದಿತು. ಮನೆಯವರಿಲ್ಲದ ಹೆಸರಿಗೆ ಮೂರು ಉಸಿರಿನಷ್ಟು ತಡೆದು ಮುಂದೆ ಹೋಗುವುದು ರೂಢಿ. ಅಯ್ನಾರು ತಡೆದರು. ಮುಂದಿನ ಹೆಸರಿಗೆ ಬಾಯಿ ತೆರೆದರು.

ಆಗ ಮರಿಯವ್ವ ಮುಂದಿನ ಬೆಂಚು ಹಿಡಿದು ಎದ್ದು ನಿಂತರು. ಪಿಸುಮಾತು ನಿಂತಿತು. ಅವರು ಆ ಕಡೆ ಈ ಕಡೆ ನೋಡಲಿಲ್ಲ, ಅಳಲೂ ಇಲ್ಲ. ಬೇರೆ ಮನೆಯವರು ನಿಂತಷ್ಟು ಹೊತ್ತು ನಿಂತರು. ಆ ಹೊತ್ತು ಮುಗಿಯಿತು. ಮುಂದಿನ ಹೆಸರಿನ ಮನೆಯವರು ಏಳಲು ಸೀರೆ ಸರಿಪಡಿಸಿಕೊಂಡು ಕಾದರು. ಮರಿಯವ್ವ ಕೂಡಲಿಲ್ಲ. ಯಾವುದೋ ಕೂಸು ಅತ್ತಿತು, ತಾಯಿ ಅದನ್ನು ಎದೆಗೊತ್ತಿಕೊಂಡಳು. ಮರಿಯವ್ವ ಕೂಡಲಿಲ್ಲ. ನಲವತ್ತೆಂಟು ವರ್ಷ ಕೂತೇ ಇದ್ದವರಿಗೆ ಈಗ ಅವಸರವೇನಿತ್ತು? ಅಯ್ನಾರು ಪಟ್ಟಿ ಹಿಡಿದುಕೊಂಡು ಕಾಯುತ್ತಲೇ ಇದ್ದರು.