ವಾಡಿಯಲ್ಲಿದ್ದ ಡಾಕ್ಟರು ಸೇಡಂನಲ್ಲಿ ಹೇಳಿದ ಮಾತು

ಸೂಕ್ಷ್ಮದರ್ಶಕದಲ್ಲಿ ಕಾಣದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಯಾರಾದರೂ ದೆವ್ವ, ಶಕುನ ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಆದರೆ ಇದು ನನಗೇ ಆದದ್ದು. ನೀವು ನಂಬದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸೇಡಂನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಐನಾಪುರದ ಮಹಾದೇವಿ ಎಂಬ ಬಾಣಂತಿಗೆ ಸಿಸೇರಿಯನ್ ಹೊಲಿಗೆ ಕೀವಾಗಿ, ಜ್ವರ ಇಳಿಯುತ್ತಲೇ ಇರಲಿಲ್ಲ. ಆ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ನಮ್ಮಲ್ಲಿದ್ದ ಯಾವ ಔಷಧಿಗೂ ಸಾಯಲಿಲ್ಲ.

ಇದರಲ್ಲಿ ವಿಚಿತ್ರವೇನಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರವನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಕೊಡುತ್ತವೆ, ಬೇರೆ ಜಾತಿಯವಕ್ಕೂ ಕೊಡುತ್ತವೆ. ಔಷಧಿಯನ್ನು ಸೋಲಿಸುವ ಗುಣ ಆ ಉಂಗುರದಲ್ಲಿದ್ದರೆ, ನಿನ್ನೆ ಸಾಯುತ್ತಿದ್ದ ರೋಗಾಣು ಇವತ್ತು ಸಾಯುವುದಿಲ್ಲ. ಔಷಧಿ ಬಿದ್ದಲ್ಲಿ ಉಳಿದು ಹೆಚ್ಚುವುದೂ ಅದರ ಸಂತಾನವೇ.

ಮಧ್ಯಾಹ್ನ ಆ ರಿಪೋರ್ಟ್ ಬರೆಯುತ್ತಿದ್ದೆ. ನರ್ಸ್ ಶಾಂತಾ ಎದುರಿಗೇ ಕೂತಿದ್ದಳು. ಮಹಾದೇವಿಯನ್ನು ನೋಡುತ್ತಿದ್ದ ಡಾಕ್ಟರು ಬಾಗಿಲಿಗೆ ಬಂದು ನಿಂತರು.

“ಮೇಡಂ, ಕೀವು ಒಂದೇ ನೋಡಿದ್ರ ಹೆಂಗ್ರಿ? ಆಕಿ ರಕ್ತಾನೂ ಬೆಳಸಿ ನೋಡ್ರಿ,” ಎಂದರು.

“ಚಾ ತರ್ಲೇನ್ರಿ ಸರ್?” ಎಂದಳು ಶಾಂತಾ. ಅವರು ಬೇಡವೆಂದು ಕೈಯಾಡಿಸಿ ಹೋದರು.

ಶಾಂತಾ ಆಗಲೇ ಹೋಗಿ ರಕ್ತ ತಂದಳು. ಅದರಲ್ಲಿ ಬೆಳೆದದ್ದೂ ಅದೇ ಬ್ಯಾಕ್ಟೀರಿಯಾ. ಆದರೆ ನಮ್ಮ ಕಪಾಟಿನಲ್ಲಿದ್ದ ಹಳೆಯ ಔಷಧಿಯೊಂದಕ್ಕೇ ಅದು ಸತ್ತಿತು. ಗಾಯದಲ್ಲಿದ್ದದ್ದಕ್ಕೆ ಪ್ಲಾಸ್ಮಿಡ್ ಸಿಕ್ಕಿತ್ತು, ರಕ್ತಕ್ಕಿಳಿದದ್ದಕ್ಕೆ ಇನ್ನೂ ಸಿಕ್ಕಿರಲಿಲ್ಲ ಎಂದು ಆಮೇಲೆ ಕಲಬುರಗಿಯ ದೊಡ್ಡ ಲ್ಯಾಬಿನವರು ತಿಳಿಸಿದರು. ಡಾಕ್ಟರು ಗಾಯ ಬಿಚ್ಚಿ ತೊಳೆದು, ರಕ್ತದ ಸೋಂಕಿಗೆ ಆ ಹಳೆಯ ಔಷಧಿಯನ್ನೇ ಕೊಟ್ಟರು. ಜ್ವರ ಬಿಟ್ಟಿತು. ಮಹಾದೇವಿ ಎದ್ದು ಕೂತು ಮಗಳನ್ನು ಎತ್ತಿಕೊಂಡ ದಿನ ವಾರ್ಡಿನವರೆಲ್ಲ ಪೇಢೆ ತಿಂದೆವು.

“ನೀವು ಹೇಳದಿದ್ರ ನಾ ರಕ್ತ ನೋಡ್ತಿದ್ದಿಲ್ರಿ,” ಎಂದೆ ಡಾಕ್ಟರಿಗೆ.

“ನಾ ಯಾವಾಗ ಹೇಳೀನ್ರಿ? ನೀವೇ ಯೋಚ್ನಿ ಮಾಡಿ ನೋಡೀರಿ ಅಂತ ತಿಳ್ದಿದ್ದೆ. ಆವತ್ತ ನಾ ವಾಡಿ ಸ್ಟೇಷನ್‌ದಾಗ ಇದ್ದೆ.”

“ಹಂಗಂದ್ರ ನಾ ಚಾ ಕೇಳಿದ್ದು ಯಾರಿಗ್ರಿ ಸರ್?” ಎಂದಳು ಶಾಂತಾ. ಅವರು ಜೋರಾಗಿ ನಕ್ಕರು. ಅವರ ಹೆಂಡತಿಯನ್ನೂ ವಿಚಾರಿಸಿದೆ. ರೈಲು ತಡವಾಗಿ, ಇಬ್ಬರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅಷ್ಟು ದೂರದ ವಾಡಿಯಲ್ಲೇ ಕೂತಿದ್ದುದು ನಿಜ.

ಐನಾಪುರದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮನ್ನೆಲ್ಲ ಕರೆದಿದ್ದರು. ಹೋಳಿಗೆ ಊಟದ ಪಂಕ್ತಿಯಲ್ಲಿ ಡಾಕ್ಟರು ನನ್ನ ಪಕ್ಕದಲ್ಲಿದ್ದರು. ಯಾಕೋ ದನಿ ತಗ್ಗಿಸಿದರು.

“ನಿಮಗೊಂದ್ ಮಾತ್ ಹೇಳಿದ್ದಿಲ್ರಿ ಮೇಡಂ. ಆವತ್ತ ವಾಡ್ಯಾಗ ಕುಂತಾಗ, ಆಕಿ ರಕ್ತ ನೋಡ್ಬೇಕಿತ್ತಲ್ಲ ಅಂತ ಭಾಳ ಅನ್ಸಾಕತ್ತಿತ್ತು. ನಿಮಗ ಫೋನ್ ಹಚ್ಚಿದೆ. ಹತ್ತಲಿಲ್ಲ.”

ಅಷ್ಟರಲ್ಲಿ ಮಹಾದೇವಿ ಬಂದು, “ಲಗೂ ಕೈ ತೊಳ್ಕೊಂಡು ಬರ್ರಿ ಅಕ್ಕಾರ, ಕೂಸಿನ ಕಿವ್ಯಾಗ ಹೆಸರು ನೀವೇ ಹೇಳ್ಬೇಕು,” ಎಂದಳು. ಎದ್ದು ಹೋಗಿ ಹೇಳಿದೆ. ಹೆಂಗಸರು ಜೋಗುಳ ಎತ್ತಿಕೊಂಡರು.

ಬಾಗಿಲಲ್ಲಿ ಬಂದು ನಿಂತವರು ಯಾರು ಎಂದು ಶಾಂತಾ ಈಗಲೂ ಫೋನ್ ಮಾಡಿ ಕೇಳುತ್ತಾಳೆ. ನಾನು ನಕ್ಕುಬಿಡುತ್ತೇನೆ.